ಫ್ಲೇವರ್ ಇಲ್ಲದ ಕ್ರಿಯೇಟಿನ್ ಮೋನೋಹೈಡ್ರೇಟ್, 250 ಗ್ರಾಂ ಡಬ್ಬಿ: ವರ್ಷ ದಾಟಿದ ಬಳಕೆಯ ನಂತರ

ನಾಲ್ಕು ಸ್ಟಾರ್. ವ್ಯಾಯಾಮ ಮಾಡುವವರು ಸ್ನಾಯುಬಲಕ್ಕೆಂದು ನೀರಿನಲ್ಲಿ ಕಲಕಿ ಕುಡಿಯುವ ಪುಡಿ ಇದು. ಐದನೆಯ ಸ್ಟಾರ್ ತಿಂದದ್ದು ಸ್ಕೂಪು, ಅಂದರೆ ಡಬ್ಬಿಯೊಳಗಿನ ಅಳತೆ ಚಮಚ.

ದಿನಕ್ಕೆ 3 ಗ್ರಾಂ ಲೆಕ್ಕದಲ್ಲಿ ಒಂದು ಡಬ್ಬಿ 83 ದಿನ ಬರಬೇಕು. ಎರಡೇ ತಿಂಗಳಿಗೆ ತಳ ಕಂಡರೆ ದಿನಕ್ಕೆ 4 ಗ್ರಾಂ ಮೀರಿ ಹೋಗುತ್ತಿದೆ ಎಂದರ್ಥ. ಪುಡಿ ಸಡಿಲವಾಗಿದ್ದರೆ ಸ್ಕೂಪಿಗೆ ಕಡಿಮೆ ಹಿಡಿಯುತ್ತದೆ, ಡಬ್ಬಿ ಅಲುಗಾಡಿ ಒತ್ತಿ ಕೂತಿದ್ದರೆ ಹೆಚ್ಚು. 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯಲ್ಲಿ ಒಮ್ಮೆ ತೂಗಿ, ಸ್ಕೂಪಿನ ಹೊರಮೈಗೆ ಗೆರೆ ಹಾಕಿಕೊಳ್ಳಿ.

ಮೊದಲ ವಾರ ದಿನಕ್ಕೆ 20 ಗ್ರಾಂ ತೆಗೆದುಕೊಳ್ಳುವ ಪದ್ಧತಿಯಲ್ಲಿ ಸ್ನಾಯುವಿನಲ್ಲಿ ಕ್ರಿಯೇಟಿನ್ ಬೇಗ ತುಂಬಿಕೊಳ್ಳುತ್ತದೆ, ನಿಜ. ಆದರೆ ಅದನ್ನು ನಾಲ್ಕು ಹೊತ್ತಿಗೆ ಹಂಚದೆ ಕುಡಿದವರ ಹೊಟ್ಟೆ ಕೆಡುತ್ತದೆ. 3 ಗ್ರಾಂನಲ್ಲೇ ಮುಂದುವರಿದರೂ ನಾಲ್ಕು ವಾರದಲ್ಲಿ ಹತ್ತಿರ ಹತ್ತಿರ ಅದೇ ಮಟ್ಟ ಸಿಗುತ್ತದೆ. ಮುಂದಿನ ವಾರ ಸ್ಪರ್ಧೆ ಇಲ್ಲದವರಿಗೆ ಅಷ್ಟು ಅವಸರ ಯಾಕೋ!

'ಕರಗುತ್ತಿಲ್ಲ, ಕಲಬೆರಕೆ ಇರಬೇಕು' ಎಂದು ಒಂದು ಸ್ಟಾರ್ ಕೊಟ್ಟವರು ಬಹಳ ಜನ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗುವುದೇ ಸುಮಾರು 14 ಗ್ರಾಂ. ಫ್ರಿಜ್ ನೀರಿನಲ್ಲಿ ಅದರ ಅರ್ಧವೂ ಇಲ್ಲ. ತಣ್ಣನೆಯ ಲೋಟದ ತಳದಲ್ಲಿ ಮರಳು ಉಳಿಯದೆ ಇನ್ನೇನಾದೀತು? ಉಗುರುಬೆಚ್ಚಗಿನ 250 ಮಿ.ಲೀ. ನೀರಿಗೆ ಹಾಕಿ, ಕಲಕಿ, ಆಗಲೇ ಕುಡಿದುಬಿಡಿ. ನಿಂಬೆ ಶರಬತ್ತಿಗೆ ಬೆರೆಸಿ ಬಾಟಲಿಯಲ್ಲಿ ದಿನಗಟ್ಟಲೆ ಇಟ್ಟರೆ ಹುಳಿಗೆ ಅದು ನಿಧಾನವಾಗಿ ಕ್ರಿಯೇಟಿನಿನ್ ಎಂಬ ತ್ಯಾಜ್ಯವಾಗುತ್ತದೆ, ಕೆಲಸಕ್ಕೆ ಬಾರದು.

ಮೊದಲು ಕಾಣುವ ಬದಲಾವಣೆ ತೂಕದ್ದು: ಒಂದು ಕಿಲೋ ಆಸುಪಾಸು ಏರುತ್ತದೆ. ಅದು ಸ್ನಾಯುವಿನೊಳಗೆ ಸೇರಿದ ನೀರು, ಕೊಬ್ಬು ಅಂದುಕೊಂಡು ಊಟ ಬಿಡಬೇಡಿ. ಆಮೇಲಿನ ಲಾಭವೆಲ್ಲ ಸೆಟ್‌ನ, ಅಂದರೆ ಬಿಡುವಿಲ್ಲದೆ ಮಾಡುವ ಒಂದು ಸುತ್ತಿನ, ಕೊನೆಯಲ್ಲಿ. 8 ರೆಪ್‌ಗೆ, ಅಂದರೆ ಎಂಟು ಸಲಕ್ಕೆ, ನಿಲ್ಲುತ್ತಿದ್ದ ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು) 9ಕ್ಕೆ ಹೋಗುತ್ತದೆ, ಅಷ್ಟೇ. ವಾರಗಟ್ಟಲೆ ಆ ಒಂದೊಂದು ರೆಪ್ ಕೂಡಿದಾಗಲೇ ಬಾರ್‌ಗೆ ಇನ್ನಷ್ಟು ಭಾರದ ಪ್ಲೇಟ್ ಏರುವುದು. ಕ್ರಿಯೇಟಿನ್ ಇರುವುದು ಮಾಂಸ, ಮೀನಿನಲ್ಲಿ. ಹಾಗಾಗಿ ಸಸ್ಯಾಹಾರಿಗಳಿಗೆ ಪರಿಣಾಮ ಹೆಚ್ಚು ಎದ್ದು ಕಾಣುವುದುಂಟು.

ಪ್ರೋಟೀನ್ ಕೊರತೆಯನ್ನು ಮಾತ್ರ ಈ ಪುಡಿ ತುಂಬದು. ಭಾರ ಎತ್ತುವವರಿಗೆ ದಿನಕ್ಕೆ ಕಿಲೋ ತೂಕಕ್ಕೆ 1.6 ಗ್ರಾಂ ಪ್ರೋಟೀನ್ ಎಂದಿಟ್ಟುಕೊಂಡರೆ 65 ಕಿಲೋದವರಿಗೆ 104 ಗ್ರಾಂ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಬರುವುದು 7 ಗ್ರಾಂ. ಅಷ್ಟೇ ತೂಕದ ಒಣ ಹೆಸರುಕಾಳು ಅಥವಾ ಹುರುಳಿಯಲ್ಲಿ 22ರ ಹತ್ತಿರ, ಒಂದು ಮೊಟ್ಟೆಯಲ್ಲಿ 6. ತಟ್ಟೆ ಸರಿಯಾಗದೆ ಡಬ್ಬಿಗೆ ದುಡ್ಡು ಸುರಿಯಬೇಡಿ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಪುಡಿ ಗಂಟುಕಟ್ಟುತ್ತದೆ. ಮುಚ್ಚಳ ಗಟ್ಟಿ ಕೂರದ್ದು ಒಂದು ಕಾರಣ, ಒದ್ದೆ ಸ್ಕೂಪನ್ನು ಒಳಗೇ ಬಿಡುವುದು ಇನ್ನೊಂದು. ಗಾಜಿನ ಭರಣಿಗೆ ಸುರಿದು ಬಿಗಿಯಾಗಿ ಮುಚ್ಚಿಡಿ. ಒಣ ಗಂಟುಗಳನ್ನು ಚಮಚದಲ್ಲಿ ಪುಡಿಮಾಡಿ ಬಳಸಬಹುದು.

ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಉಳಿದವರೂ ರಕ್ತಪರೀಕ್ಷೆಗೆ ಹೋದಾಗ ಇದನ್ನು ತೆಗೆದುಕೊಳ್ಳುತ್ತಿರುವುದಾಗಿ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ರಿಪೋರ್ಟಿನಲ್ಲಿ ತುಸು ಏರಿದ ಕ್ರಿಯೇಟಿನಿನ್ ನೋಡಿ ಕಿಡ್ನಿ ಕೆಟ್ಟಿದೆಯೆಂದು ಸುಮ್ಮನೆ ಗಾಬರಿ.