ವಿಂಡೋಸ್ 11, ಉಬುಂಟು, ಮಿಂಟ್: ಎರಡು ತಿಂಗಳು ಕನ್ನಡ ಕುಟ್ಟಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಇದನ್ನು ಬರೆಯುತ್ತಿರುವುದು ಲಿನಕ್ಸ್ ಮಿಂಟ್‌ನಲ್ಲಿ, ಸದ್ಯಕ್ಕೆ ಇಲ್ಲಿಂದ ಏಳುವ ಯೋಚನೆಯೂ ಇಲ್ಲ. ಮಿಂಟ್, ಉಬುಂಟು ಎರಡೂ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ, ಲಿನಕ್ಸ್ ಜಾತಿಯ ಪುಕ್ಕಟೆ ಆಪರೇಟಿಂಗ್ ಸಿಸ್ಟಂಗಳು. ತಕ್ಕಡಿ ಆಗಲೇ ಒಂದು ಕಡೆ ವಾಲಿದೆ ಅಂತ ತಿಳಿದುಕೊಂಡೇ ಓದಿ.

ನನ್ನ ಲ್ಯಾಪ್‌ಟಾಪ್ 2017ರದು. 7ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಮಾಡುವ ಕೆಲಸ ಅನುವಾದ ಮತ್ತು ಕರಡು ತಿದ್ದುವುದು. ದಿನಕ್ಕೆ ಆರೇಳು ಗಂಟೆ ಕನ್ನಡ ಟೈಪಿಂಗ್, ಉಳಿದದ್ದು ಬ್ರೌಸರ್, ಅಷ್ಟೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. 11ಕ್ಕೆ ಹೋಗೋಣ ಅಂದರೆ ಅದು ನನ್ನ ಪ್ರೊಸೆಸರ್ ಒಪ್ಪುವುದಿಲ್ಲ. ಇಂಟೆಲ್‌ನಲ್ಲಿ ಅದರ ಪಟ್ಟಿ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಶುರು, ಜೊತೆಗೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಬೇರೆ ಕೇಳುತ್ತದೆ.

ಅಂಗಡಿಗೆ ತೆಗೆದುಕೊಂಡು ಹೋದೆ. ಹುಡುಗ ಮುಚ್ಚಳ ತೆರೆಯುವ ಮೊದಲೇ ತೀರ್ಪು ಕೊಟ್ಟ. "ಸರ್, ಇದು ಮುಗೀತು. 47 ಸಾವಿರಕ್ಕೆ ಹೊಸದು ಬರುತ್ತೆ, ಇದನ್ನ ಎಕ್ಸ್‌ಚೇಂಜ್‌ಗೆ ಹಾಕಿಬಿಡಿ."

"ಇದಕ್ಕೆ ಎಷ್ಟು ಕೊಡ್ತೀಯಪ್ಪಾ?"

"ಎರಡೂವರೆ ಸಾವಿರ."

ಆಮೇಲೆ ನನ್ನ ಮುಖ ನೋಡಿ, ಬೇಕಾದರೆ ಇದಕ್ಕೇ ಏನಾದರೂ ಮಾಡಿ 11 ಹಾಕಿಕೊಡುತ್ತೇನೆ ಅಂದ. ಹಾಕಬಹುದು, ನಿಜ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ಅದರ ಬದಲು ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ 480 ಜಿಬಿ ಎಸ್‌ಎಸ್‌ಡಿ ಹಾಕಿಸಿಕೊಂಡು ಬಂದೆ. ಕೂಲಿ ಸೇರಿ 3,600 ರೂಪಾಯಿ. ಈ ವರ್ಷ ಖರ್ಚು ಮಾಡಿದ್ದರಲ್ಲಿ ಸಾರ್ಥಕ ಅನಿಸಿದ್ದು ಇದೊಂದೇ. ಯಾವ ಆಪರೇಟಿಂಗ್ ಸಿಸ್ಟಂ ಹಾಕಿದರೂ ಹೆಚ್ಚಿದ ವೇಗದಲ್ಲಿ ಅರ್ಧ ಪಾಲು ಬಂದದ್ದು ಇದರಿಂದಲೇ, ಅದರ ಹೊಗಳಿಕೆಯನ್ನು ಲಿನಕ್ಸ್‌ಗೆ ಕಟ್ಟುವುದು ತಪ್ಪು.

ವಿಂಡೋಸ್ 11 ನೋಡಿದ್ದು ಅಕ್ಕನ ಮಗಳ ಹೊಸ ಲ್ಯಾಪ್‌ಟಾಪ್‌ನಲ್ಲಿ. ರಜೆಗೆ ಬಂದವಳು ಎರಡು ವಾರ ಇದ್ದಳು. "ಮಾವ, ಡೆಸ್ಕ್‌ಟಾಪ್ ಮೇಲೆ ಫೈಲ್ ಹರಡಬೇಡ" ಅನ್ನುವ ಷರತ್ತಿನ ಮೇಲೆ ಕೊಟ್ಟಳು. ನೋಡಲು ಚೆನ್ನಾಗಿದೆ, ಸುಳ್ಳು ಹೇಳಬಾರದು. ಸ್ಟಾರ್ಟ್ ಬಟನ್ ನಡುಮಧ್ಯಕ್ಕೆ ಬಂದು ಕೂತಿದೆ, ಅದನ್ನು ಎಡಕ್ಕೆ ತಳ್ಳುವ ಸೆಟ್ಟಿಂಗ್ ಉಂಟು. ರೈಟ್ ಕ್ಲಿಕ್ ಮಾಡಿದರೆ ಚಿಕ್ಕದೊಂದು ಮೆನು, ಬೇಕಾದದ್ದು ಅದರಲ್ಲಿ ಇಲ್ಲದಿದ್ದರೆ ಕೆಳಗೆ ಇನ್ನೊಂದು ಸಲ ಒತ್ತಿ ಹಳೆಯ ಮೆನು ತೆಗೆಯಬೇಕು. ದಿನಕ್ಕೆ ಐವತ್ತು ಸಲ ರೈಟ್ ಕ್ಲಿಕ್ ಮಾಡುವವನಿಗೆ ಇದು ಚಪ್ಪಲಿಯೊಳಗಿನ ಕಲ್ಲು.

ಆದರೆ ಕನ್ನಡದ ಮಟ್ಟಿಗೆ ಅದಕ್ಕೆ ನೂರಕ್ಕೆ ತೊಂಬತ್ತು ಕೊಡಬೇಕು. ಕನ್ನಡ ಟೈಪಿಂಗ್ ತಂತ್ರಾಂಶ ನುಡಿ ಹಾಕಿದೆ, ಕೆಲಸ ಮಾಡಿತು. ನುಡಿ ಬೇಡದವರಿಗೆ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡವಾಗುವ ಫೋನೆಟಿಕ್ ಕೀಬೋರ್ಡ್ 2019ರಿಂದಲೇ ವಿಂಡೋಸ್ ಒಳಗೇ ಇದೆ.

ಉಬುಂಟು 24.04ರಲ್ಲಿ ಒಂಬತ್ತು ದಿನ ಇದ್ದೆ. ಡೌನ್‌ಲೋಡೇ 6 ಜಿಬಿ ಹತ್ತಿರ, ಮಿಂಟ್ ಅದರ ಅರ್ಧ. ತೊಂದರೆ ಏನೂ ಕೊಡಲಿಲ್ಲ, ಆದರೆ ನನ್ನ ಕೈ ಅದಕ್ಕೆ ಒಗ್ಗಲಿಲ್ಲ. ಐಕಾನ್‌ಗಳ ಪಟ್ಟಿ ಎಡಗಡೆ ಉದ್ದಕ್ಕೆ ನಿಂತಿರುತ್ತದೆ. ತೆರೆದ ಕಿಟಕಿಗಳನ್ನೆಲ್ಲ ಒಟ್ಟಿಗೆ ನೋಡಬೇಕೆಂದರೆ ವಿಂಡೋಸ್ ಕೀ ಒತ್ತಬೇಕು, ಆಗ ಎಲ್ಲವೂ ಚಿಕ್ಕದಾಗಿ ಹರಡಿಕೊಳ್ಳುತ್ತವೆ, ಅದರಲ್ಲಿ ಹುಡುಕಿ ಆರಿಸಿಕೊಳ್ಳಬೇಕು. ಚೆಂದವೇ. ಆದರೆ ಇಪ್ಪತ್ತೈದು ವರ್ಷದಿಂದ ನನ್ನ ಮೌಸ್ ಕೆಳಗಿನ ಎಡ ಮೂಲೆಗೆ ತಾನಾಗಿ ಓಡುತ್ತದೆ. ಒಂಬತ್ತು ದಿನವೂ ಹಾಗೇ ಓಡಿತು, ಅಲ್ಲಿ ಸಿಕ್ಕಿದ್ದು ಪರದೆ ತುಂಬ ಹರಡುವ ಐಕಾನ್‌ಗಳು, ನನಗೆ ಬೇಕಾದ ಮೆನು ಅಲ್ಲ. ಇನ್ನೊಂದು, ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಅನ್ನುವ ಕಟ್ಟಿನಲ್ಲಿ. ಬೆಳಗ್ಗೆ ಮೊದಲ ಸಲ ತೆರೆದಾಗ ಕಾಫಿ ಒಂದು ಗುಟುಕು ಕುಡಿಯುವಷ್ಟು ಹೊತ್ತು ಬೇಕಿತ್ತು. ಹೊಸ ಯಂತ್ರದಲ್ಲಿ ಇದು ಗೊತ್ತೇ ಆಗಲಿಕ್ಕಿಲ್ಲ.

ಮಿಂಟ್ ಕೂಡ ಒಳಗೆ ಉಬುಂಟುವೇ, ಅದರ ತಳಹದಿಯ ಮೇಲೆಯೇ ಕಟ್ಟಿದ್ದು. 22ನೇ ಆವೃತ್ತಿಗೆ 2029ರ ತನಕ ಅಪ್‌ಡೇಟ್ ಇದೆ. ಸ್ನ್ಯಾಪ್ ಇಲ್ಲ, ಮೆನು ಕೆಳಗೆ ಎಡ ಮೂಲೆಯಲ್ಲಿ. ಮೌಸ್ ಓಡಿತು, ಸಿಕ್ಕಿತು. ಇದಿಷ್ಟು ಚಿಕ್ಕ ವಿಷಯಕ್ಕೆ ಆರಿಸಿಕೊಂಡೆಯಾ ಅಂದರೆ ಹೌದು, ಇದಿಷ್ಟಕ್ಕೇ.

ಇನ್ನು ತಲೆನೋವಿಗೆ ಬರೋಣ.

ನಾನು ಟೈಪ್ ಮಾಡುವುದು ನುಡಿಯ ಕೀಲಿಮಣೆ ವಿನ್ಯಾಸದಲ್ಲಿ. ಕಂಪ್ಯೂಟರಿಗೆ ಕನ್ನಡ ತಂದ ಮೊದಲಿಗರಲ್ಲಿ ಒಬ್ಬರಾದ ಕೆ.ಪಿ. ರಾವ್ ಅವರ ವಿನ್ಯಾಸ ಅದಕ್ಕೆ ಮೂಲ, ಕನ್ನಡ ಗಣಕ ಪರಿಷತ್ತು ಅದನ್ನು ನುಡಿಯಲ್ಲಿ ತಂದಿತು. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀ. 'ಕನ್ನಡ' ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ಷ ಬೇಕಾದರೆ ಎಕ್ಸ್, ಟ ಬೇಕಾದರೆ ಕ್ಯೂ. ಬೇರೆಯವರಿಗೆ ಇದು ಬೀಗದ ಸಂಖ್ಯೆಯ ಹಾಗೆ ಕಾಣಬಹುದು. ನನ್ನ ಬೆರಳಿಗೆ ಇದು ಉಸಿರಾಟ, ಯೋಚಿಸಿದರೆ ತಪ್ಪುತ್ತದೆ.

ಮಿಂಟ್‌ನಲ್ಲಿ ಕೀಬೋರ್ಡ್ ಸೆಟ್ಟಿಂಗ್ ತೆರೆದು ಕನ್ನಡ ಹುಡುಕಿದೆ. ಎರಡು ಸಿಕ್ಕವು. ಒಂದು ಬರೀ 'ಕನ್ನಡ', ಅದು ಇನ್‌ಸ್ಕ್ರಿಪ್ಟ್, ಅಂದರೆ ಭಾರತೀಯ ಭಾಷೆಗಳಿಗೆಲ್ಲ ಸರ್ಕಾರ ಮಾಡಿದ ವಿನ್ಯಾಸ, ನನ್ನದಲ್ಲ. ಇನ್ನೊಂದರ ಹೆಸರು 'ಕಗಪ, ಫೋನೆಟಿಕ್'. ಕಗಪ ಅಂದರೆ ಕನ್ನಡ ಗಣಕ ಪರಿಷತ್ತೇ ಅಲ್ವಾ? ಇದೇ ನಮ್ಮದು ಅಂತ ಖುಷಿಯಿಂದ ಸೇರಿಸಿದೆ. ಮೊದಲ ಪದ 'ಇದು'. ಐ ಒತ್ತಿದೆ. ಇ ಬರಲಿಲ್ಲ. ಚುಕ್ಕಿ ಚುಕ್ಕಿಯ ವೃತ್ತವೊಂದು ಬಂತು, ಅದರ ತಲೆಯ ಮೇಲೆ ಬರೀ ಗುಡಿಸು, ಕೆಳಗೆ ಅಕ್ಷರವೇ ಇಲ್ಲ.

ಎರಡು ದಿನ ನನ್ನ ಕೀಬೋರ್ಡ್ ಕೆಟ್ಟಿದೆ ಅಂದುಕೊಂಡೆ. ಫಾಂಟ್ ಬದಲಿಸಿದೆ. ವರ್ಡ್ ಬದಲು ಬಳಸುವ ಲಿಬ್ರೆಆಫೀಸ್ ತೆಗೆದು ಮತ್ತೆ ಹಾಕಿದೆ. ಸಿಟ್ಟಿನಲ್ಲಿ ವಾಪಸ್ ವಿಂಡೋಸ್‌ಗೂ ಹೋಗಿ ಬಂದೆ. ಕೊನೆಗೆ ಗೊತ್ತಾದದ್ದು ಇಷ್ಟು. ಈ ವಿನ್ಯಾಸಕ್ಕೆ ಒಂದು ಕೀ ಅಂದರೆ ಒಂದು ಗುರುತು, ಹಿಂದಿನ ಅಕ್ಷರ ಏನಿತ್ತು ಅಂತ ಅದು ತಿರುಗಿ ನೋಡುವುದಿಲ್ಲ. ನುಡಿ ಹಾಗಲ್ಲ. ಅದರಲ್ಲಿ ಅದೇ ಐ ಕೀ ಪದದ ಶುರುವಿನಲ್ಲಿ ಇ ಆಗುತ್ತದೆ, ದ ಆದ ಮೇಲೆ ಒತ್ತಿದರೆ ದಿ ಆಗುತ್ತದೆ. ಈ ಕಗಪದಲ್ಲಿ ಪೂರ್ತಿ ಸ್ವರ ಬೇಕಾದರೆ ಬಲಗಡೆಯ ಆಲ್ಟ್ ಹಿಡಿದುಕೊಳ್ಳಬೇಕು. ಹೆಸರು ನಮ್ಮನೆಯದು, ನಡವಳಿಕೆ ಪರಊರಿನದು.

ಪರಿಹಾರ ಬೇರೆ ಬಾಗಿಲಲ್ಲಿತ್ತು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ ಅನ್ನುವ ಪ್ಯಾಕೇಜ್ ಹಾಕಬೇಕು. ಐಬಸ್ ಅಂದರೆ ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ವ್ಯವಸ್ಥೆ. ಆಮೇಲೆ ಇನ್‌ಪುಟ್ ಮೆಥಡ್ ತೆರೆದು ಐಬಸ್ ಆರಿಸಬೇಕು. ಆಮೇಲೆ ಲಾಗ್ ಔಟ್ ಆಗಿ ಒಳಗೆ ಬರಬೇಕು. ಇದನ್ನು ಬಿಟ್ಟರೆ ಏನೂ ಆಗುವುದಿಲ್ಲ, ನಾನು ಬಿಟ್ಟಿದ್ದೆ, ಅದಕ್ಕೆ ಇನ್ನೊಂದು ಸಂಜೆ ಹೋಯಿತು. ವಾಪಸ್ ಬಂದು ಐಬಸ್ ಪಟ್ಟಿಯಲ್ಲಿ ಕನ್ನಡ ಒತ್ತಿದರೆ ಕೆಜಿಪಿ ಅಂತ ಒಂದು ಇರುತ್ತದೆ. ಅದೇ. ಕೆ, ಎನ್, ಎಫ್, ಎನ್, ಡಬ್ಲ್ಯು ಹೊಡೆದೆ. 'ಕನ್ನಡ' ಅಂತ ಬಂತು. ಒಳಗಿನಿಂದ ಹೆಂಡತಿ "ಯಾರ ಹತ್ರ ಮಾತಾಡ್ತಿದ್ದೀರಿ?" ಅಂತ ಕೇಳಿದಳು, ಅಂದರೆ ಜೋರಾಗಿಯೇ ಏನೋ ಅಂದಿರಬೇಕು.

ನ್ಯಾಯವಾಗಿ ಹೇಳಬೇಕೆಂದರೆ ಈ ಒಂದು ವಿಷಯದಲ್ಲಿ ಉಬುಂಟು ಮಿಂಟ್‌ಗಿಂತ ಸಲೀಸು. ಅದರಲ್ಲಿ ಐಬಸ್ ಮೊದಲೇ ಜೋಡಿಸಿರುತ್ತದೆ, ಪ್ಯಾಕೇಜ್ ಹಾಕಿ ಮತ್ತೆ ಲಾಗಿನ್ ಆದರೆ ಕೆಜಿಪಿ ನೇರ ಸೆಟ್ಟಿಂಗ್‌ನಲ್ಲೇ ಕಾಣುತ್ತದೆ. ಭಾಷೆ ಬದಲಿಸಲು ವಿಂಡೋಸ್ ಕೀ ಜೊತೆ ಸ್ಪೇಸ್. ನುಡಿಯ ಸ್ಕ್ರಾಲ್ ಲಾಕ್ ಅಭ್ಯಾಸ ಇನ್ನೂ ಹೋಗಿಲ್ಲ, ದಿನಕ್ಕೆ ನಾಲ್ಕು ಸಲ ಸುಮ್ನೆ ಅದನ್ನು ಒತ್ತುತ್ತೇನೆ.

ಟೈಪಿಂಗ್ ಆಯಿತು ಅಂತ ನಿಟ್ಟುಸಿರು ಬಿಡುವಷ್ಟರಲ್ಲಿ ಹಳೆಯ ಫೈಲುಗಳು. 2009ರ ಒಂದು ಅನುವಾದ, 140 ಪುಟ, ಮರುಮುದ್ರಣಕ್ಕೆ ಬೇಕಿತ್ತು. ತೆರೆದರೆ 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆ ಗೀಟಿನ ಎ, ಪೌಂಡ್ ಹಣದ ಗುರುತು, ಹೀಗೆ. ಹಳೆಯ ನುಡಿ ಫಾಂಟ್‌ಗಳು ಯೂನಿಕೋಡ್ ಅಲ್ಲ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ, ಎಲ್ಲ ಯಂತ್ರಕ್ಕೂ ಒಂದೇ ಆದ ಪದ್ಧತಿಯವಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಮಾಡಿದ ವೇಷ ಅದು. ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿಬೀಳುತ್ತದೆ. ಇದು ಲಿನಕ್ಸ್‌ನ ತಪ್ಪಲ್ಲ, ನುಡಿ ಫಾಂಟ್ ಹಾಕದ ವಿಂಡೋಸ್‌ನಲ್ಲೂ ಹೀಗೇ.

ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ಆ ನುಡಿ ಫಾಂಟ್‌ಗಳನ್ನು ತಂದು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದೆ. ಪುಟ ಓದಲು ಬಂತು. ಆದರೆ ತಿದ್ದಲು ಬರುವುದಿಲ್ಲ, ನಾನು ಹೊಡೆಯುವುದು ಯೂನಿಕೋಡ್, ಅದು ಇರುವುದು ಬೇರೆಯದು. ಆನ್‌ಲೈನ್ ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಂಡೆ. ಕನ್ನಡ ಚೆನ್ನಾಗಿಯೇ ಬಂತು. ಪುಸ್ತಕದ ನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡ ಅಂದುಕೊಂಡು ಬದಲಿಸಿತ್ತು. ಲೇಖಕರ ಇಮೇಲ್ ವಿಳಾಸ ಯಾವುದೋ ಮಂತ್ರದ ಹಾಗೆ ಓದಿಸಿಕೊಳ್ಳುತ್ತಿತ್ತು. ಇಂಗ್ಲಿಷಿನ ದೊಡ್ಡ ಎ ಇದ್ದ ಕಡೆಯೆಲ್ಲ ಒಂದೊಂದು ಸೊನ್ನೆ. ಅಡಿಟಿಪ್ಪಣಿಗಳನ್ನು ಒಂದೊಂದಾಗಿ ಕೂತು ಸರಿಮಾಡಿದೆ, ಮೂರು ರಾತ್ರಿ.

ಇಷ್ಟೆಲ್ಲ ಆದಮೇಲೂ ಮಿಂಟ್ ಯಾಕೆ ಅಂತ ಕೇಳಬಹುದು. ಈ ಪಾಡು ಒಂದೇ ಸಲದ್ದು. ಜೋಡಿಸಿದ ಮೇಲೆ ಐದು ವಾರದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ.

ಉಳಿದದ್ದು ಚುಟುಕಾಗಿ. ವೈಫೈ, ಸೌಂಡ್ ತಾವಾಗಿ ಬಂದವು. ಬ್ಯಾಟರಿ ಮೊದಲಿನಷ್ಟೇ, ಅಂದರೆ ಕಳಪೆ. ಗುಬ್ಬಿ, ನವಿಲು ಅಂತ ಎರಡು ಕನ್ನಡ ಫಾಂಟ್ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ, ನನಗೆ ನವಿಲು ಇಷ್ಟ. ವರ್ಡ್ ಫೈಲ್ ಲಿಬ್ರೆಆಫೀಸ್‌ನಲ್ಲಿ ತೆರೆಯುತ್ತದೆ, ಆದರೆ ವಿಂಡೋಸ್‌ನ ಫಾಂಟ್ ಇಲ್ಲದ ಕಾರಣ 12 ಪುಟ 14 ಆಗುತ್ತದೆ. ಪುಟದ ಲೆಕ್ಕದಲ್ಲಿ ಸಂಭಾವನೆ ಪಡೆಯುವವರು ಖುಷಿಪಡಬೇಡಿ, ಕೆಲಸ ಕೊಟ್ಟವರ ವಿಂಡೋಸ್‌ನಲ್ಲಿ ಅದು ಮತ್ತೆ 12 ಆಗುತ್ತದೆ. ಒಂದೇ ಯಂತ್ರದಲ್ಲಿ ಎರಡೂ ಇಟ್ಟುಕೊಂಡರೆ ಮಿಂಟ್‌ನಿಂದ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿರುತ್ತದೆ. ಬೆಳಗ್ಗೆ 10ಕ್ಕೆ ಕೂತರೆ ನಾಲ್ಕೂವರೆ ತೋರಿಸುತ್ತದೆ. ಯಂತ್ರದೊಳಗಿನ ಗಡಿಯಾರವನ್ನು ಮಿಂಟ್ ಯುಟಿಸಿ ಅನ್ನುವ ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಮಿಂಟ್‌ನಲ್ಲಿ ಒಂದು ಸಾಲಿನ ಕಮಾಂಡ್ ಹೊಡೆದರೆ ಮುಗಿಯಿತು.

ಸೋತದ್ದು ಸ್ಕ್ಯಾನರ್‌ನಲ್ಲಿ. ನಮ್ಮ ಪ್ರಿಂಟರ್ ಆರೇಳು ವರ್ಷ ಹಳೆಯದು. ಹೆಂಡತಿ ಟೀಚರ್, ಪ್ರಶ್ನೆಪತ್ರಿಕೆ ಪ್ರಿಂಟ್ ಮಾಡುತ್ತಾಳೆ, ಅದು ಮಿಂಟ್‌ನಲ್ಲಿ ಮೊದಲ ದಿನವೇ ಬಂತು. ಸ್ಕ್ಯಾನ್ ಮಾತ್ರ ಏನು ಮಾಡಿದರೂ ಇಲ್ಲ. "ರೀ, ನಿಮ್ಮ ಪುಕ್ಕಟೆದು ನೀವೇ ಇಟ್ಕೊಳ್ಳಿ, ನನಗೆ ಹಳೇದೇ ಇರಲಿ" ಅಂದಳು. ಅವಳ ಮಾತು ಸರಿ. ಅದಕ್ಕೇ ಎಸ್‌ಎಸ್‌ಡಿಯಲ್ಲಿ 100 ಜಿಬಿ ವಿಂಡೋಸ್ 10ಕ್ಕೆ ಬಿಟ್ಟಿದ್ದೇನೆ. ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್‌ಗೆ ಹೆಸರು ಹಾಕಿಸಿದರೆ 2026ರ ಅಕ್ಟೋಬರ್ ತನಕ ತಳ್ಳಬಹುದು.

ಕೈಯಲ್ಲಿ 47 ಸಾವಿರ ಇದ್ದು, ನುಡಿಯಲ್ಲೇ ಹೊಡೆದು ಹಳೆಯ ಫಾಂಟ್‌ನಲ್ಲೇ ಕಳಿಸಬೇಕಾದ ಡಿಟಿಪಿ ಕೆಲಸ ನಿಮ್ಮದಾಗಿದ್ದರೆ ವಿಂಡೋಸ್ 11 ತಗೊಳ್ಳಿ, ಜಾಸ್ತಿ ಯೋಚಿಸಬೇಡಿ. ಯಂತ್ರ ಹೊಸದು, ಹಳೆಯ ಅಭ್ಯಾಸ ಬಿಡಲು ಬೇಜಾರಿಲ್ಲ ಅಂದರೆ ಉಬುಂಟು. ನನ್ನ ಹಾಗೆ ಹಳೆಯ ಯಂತ್ರ, ಹಳೆಯ ಬೆರಳು, ಚಿಕ್ಕ ಜೇಬು ಆದರೆ ಮಿಂಟ್, ಆದರೆ ಪ್ರಿಂಟರ್‌ನ ಸ್ಕ್ಯಾನರನ್ನು, ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡಿಸಿ ಮೊದಲು ಪರೀಕ್ಷೆ ಮಾಡಿ ನೋಡಿ. ಡಿಸ್ಕ್ ಮುಟ್ಟದೆ ಹಾಗೆ ನೋಡಲು ಬರುತ್ತದೆ.

ನಾಳೆ ಬೆಳಗ್ಗೆ ಅವಳಿಗೆ ಮೂರು ದಾಖಲೆ ಸ್ಕ್ಯಾನ್ ಆಗಬೇಕಂತೆ. ಹದಿನೈದು ದಿನದಿಂದ ವಿಂಡೋಸ್ ತೆರೆದಿಲ್ಲ. ಅಪ್‌ಡೇಟ್ ಎಷ್ಟು ಹೊತ್ತು ಕೂರಿಸುತ್ತದೋ ಏನೋ, ಈಗಲೇ ಅದನ್ನು ಹಚ್ಚಿಟ್ಟು ಮಲಗುತ್ತೇನೆ.