ಗೀಸರ್, ಸೋಲಾರ್, ಹೀಟ್ ಪಂಪ್: ಧಾರವಾಡದ ಮಳೆಗೆ ಯಾವುದು, ಗದಗಿನ ಬಿಸಿಲಿಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ಹೊರಗಿನ ಗಾಳಿಯ ಶಾಖ ಎಳೆದು ನೀರು ಕಾಯಿಸುವ ಹೀಟ್ ಪಂಪ್ ಎಲ್ಲರ ಮನೆಗೂ ಅಲ್ಲ. ನಾವು ಆರು ಮಂದಿ, ಮನೆ ಧಾರವಾಡದಲ್ಲಿ. ಎಲ್ಲರಿಗೂ ಬೆಳಿಗ್ಗೆ ಒಂದೇ ಹೊತ್ತಿಗೆ ಸ್ನಾನ ಆಗಬೇಕು. ಹಾಗಾಗಿ ನಮಗೆ ಹೊಂದಿಕೊಂಡಿತು. ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಗೀಸರ್ ಬಳಸಿದ್ದೆವು. ಸ್ವಂತ ಮನೆಗೆ ಬಂದ ಮೇಲೆ ಮೊದಲು ಸೋಲಾರ್, ಆಮೇಲೆ ಹೀಟ್ ಪಂಪ್. ಮೂರನ್ನೂ ಕೈಯಾರೆ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಗೀಸರ್ ಲೆಕ್ಕ ಸರಳ. ಒಂದು ಯೂನಿಟ್ ಕರೆಂಟಿನಲ್ಲಿ 860 ಕಿಲೋಕ್ಯಾಲರಿ ಶಾಖ ಇದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲರಿ ಬೇಕು. 15 ಲೀಟರ್ ಗೀಸರ್ 25 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಹೆಚ್ಚುಕಡಿಮೆ 0.6 ಯೂನಿಟ್ ತಿನ್ನುತ್ತದೆ. 2 ಕಿಲೋವಾಟ್ ಕಾಯಿಲ್ ಇದ್ದರೆ ಇಪ್ಪತ್ತು ನಿಮಿಷದೊಳಗೆ ಕೆಲಸ ಮುಗಿಯಿತು. ಒಬ್ಬಿಬ್ಬರಿಗೆ ಇದಕ್ಕಿಂತ ಬೇರೆ ಏನೂ ಬೇಡ.

ಅಂಗಡಿಯಲ್ಲಿ "ಫೈವ್ ಸ್ಟಾರ್ ತಗೊಳ್ರಿ, ಕರೆಂಟ್ ಉಳೀತದ" ಅಂತಾರಲ್ಲ, ಅದರಲ್ಲಿ ಅರ್ಧ ಮಾತ್ರ ನಿಜ. ಗೀಸರಿನ ಸ್ಟಾರ್ ಹೇಳುವುದು ಟ್ಯಾಂಕಿನ ಬಿಸಿ ಸುಮ್ನೆ ಎಷ್ಟು ಸೋರಿಹೋಗುತ್ತದೆ ಎನ್ನುವುದನ್ನು. ಇಡೀ ದಿನ ಆನ್ ಇಟ್ಟವರಿಗೆ ಅದರ ಲಾಭ. ಸ್ನಾನಕ್ಕೆ ಮುಂಚೆ ಹಾಕಿ, ಆಮೇಲೆ ಆರಿಸುವವರಿಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ.

ಆರು ಮಂದಿಯ ಮನೆಯಲ್ಲಿ ಮಾತ್ರ ಲೆಕ್ಕ ಬೇರೆ. ದಿನಕ್ಕೆ 200 ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಏರಿಸಲು 7 ಯೂನಿಟ್ ಬೇಕು. ತಿಂಗಳಿಗೆ 210. ಅಂದರೆ ಬರೀ ಸ್ನಾನದ ನೀರೇ 200 ದಾಟಿತು! ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ. 200ರ ಒಳಗಿದ್ದರೂ 2022–23ರ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿದ ಮಿತಿ ಮೀರಿದರೆ ಹೆಚ್ಚುವರಿಗೆ ದುಡ್ಡು ಕಟ್ಟಬೇಕು. ನಮ್ಮ ಕಡೆ ನೀರು ಕಾಯಿಸುವ ಯಂತ್ರ ಆರಿಸುವಾಗ ಈ 200ರ ಗೆರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಸೋಲಾರಿನ ಬಗ್ಗೆ ನನಗೆ ಯಾವ ದ್ವೇಷವೂ ಇಲ್ಲ. ಗದಗಿನಲ್ಲಿರುವ ಅಕ್ಕನ ಮನೆಯಲ್ಲಿ ಅದು ವರ್ಷದ ಹೆಚ್ಚಿನ ದಿನ ಪುಕ್ಕಟೆ ಬಿಸಿನೀರು ಕೊಡುತ್ತದೆ. ಅಲ್ಲಿ ಮಳೆ ಕಡಿಮೆ, ಬಿಸಿಲು ಧಾರಾಳ. ಧಾರವಾಡದ ಕಥೆ ಬೇರೆ. ಮಲೆನಾಡಿನ ಅಂಚು, ಅಲ್ವಾ. ಜುಲೈ, ಆಗಸ್ಟಿನಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಬಿಡುವುದೇ ಇಲ್ಲ. ಬಿಸಿನೀರು ಬೇಕೇಬೇಕು ಅನ್ನಿಸುವ ಆ ದಿನಗಳಲ್ಲೇ ಟ್ಯಾಂಕಿನ ನೀರು ಉಗುರುಬೆಚ್ಚಗೆ. ಆಗ ಟ್ಯಾಂಕಿನೊಳಗಿನ ಬ್ಯಾಕಪ್ ಕಾಯಿಲ್ ಹಾಕುತ್ತೀರಿ. ಅಷ್ಟು ಹೊತ್ತು ಅದು ತಾರಸಿಯ ಮೇಲೆ ಕೂತ ದೊಡ್ಡ ಗೀಸರ್ ಅಷ್ಟೇ.

ಇನ್ನೊಂದು ತೊಂದರೆ ನಲ್ಲಿ ನೀರಿನದು. ನಮ್ಮ ಓಣಿಗೆ ದಿನಾ ನೀರು ಬರುವುದಿಲ್ಲ. ಮೇಲಿನ ಟ್ಯಾಂಕ್ ಖಾಲಿಯಾಗಿ, ಸೋಲಾರಿನ ಗಾಜಿನ ಕೊಳವೆಗಳು ಬಿಸಿಲಿನಲ್ಲಿ ಒಣಗಿ ಕಾದಿರುತ್ತವೆ. ಆಗ ತಣ್ಣೀರು ನುಗ್ಗಿದರೆ ಗಾಜು ಟಪ್ ಅಂತ ಸೀಳುತ್ತದೆ. ನಮ್ಮಲ್ಲಿ ಎರಡು ಕೊಳವೆ ಹೀಗೇ ಹೋದವು. ಹಾಗಂತ ಬೋರ್ ನೀರಿನ ಮನೆಗೆ ತಾಮ್ರದ ಪೈಪಿನ ಫ್ಲಾಟ್ ಪ್ಲೇಟ್ ಸೋಲಾರ್ ಬೇಡ. ಗಡಸು ನೀರಿನ ಸುಣ್ಣ ಆ ಸಣ್ಣ ಪೈಪುಗಳಲ್ಲಿ ಕಟ್ಟಿಕೊಳ್ಳುತ್ತದೆ. ಅಂಥಲ್ಲಿ ಗಾಜಿನ ಕೊಳವೆಯದೇ ವಾಸಿ.

ಗ್ಯಾಸ್ ಗೀಸರ್ ಬಗ್ಗೆ ಒಂದೇ ಮಾತು. ಬಚ್ಚಲುಮನೆಯ ಒಳಗೆ ಬೇಡವೇ ಬೇಡ. ಗಾಳಿಯಾಡದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ, ಜೀವ ಹೋಗುತ್ತದೆ.

ಈಗ ಹೀಟ್ ಪಂಪ್. ಫ್ರಿಜ್ಜಿನ ಹಿಂಭಾಗ ಮುಟ್ಟಿದರೆ ಬಿಸಿ ಇರುತ್ತದಲ್ಲ, ಇದೂ ಅದೇ ಕೆಲಸ, ಆದರೆ ನಮಗೆ ಬೇಕಾಗಿರುವುದು ಆ ಬಿಸಿ. ಒಳಗಿನ ದ್ರವ ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದರೂ ಆವಿಯಾಗಬಲ್ಲದು. ಫ್ಯಾನ್ ಎಳೆದ ಹೊರಗಿನ ಗಾಳಿಯ ಶಾಖವನ್ನು ಅದು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿದಾಗ ಬಿಸಿ ಏರುತ್ತದೆ, ಆ ಬಿಸಿಯನ್ನು ಟ್ಯಾಂಕಿನ ನೀರು ಪಡೆಯುತ್ತದೆ. ಕರೆಂಟ್ ಇಲ್ಲಿ ಶಾಖ ಹುಟ್ಟಿಸುವುದಕ್ಕಿಂತ ಸಾಗಿಸುವ ಕೆಲಸವನ್ನೇ ಜಾಸ್ತಿ ಮಾಡುತ್ತದೆ. ಅದಕ್ಕೇ ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ಟಿನ ಶಾಖ ಸಿಗುತ್ತದೆ.

ನಮ್ಮ 200 ಲೀಟರ್ ಟ್ಯಾಂಕಿಗೆ ಸಬ್‌ಮೀಟರ್ ಹಾಕಿಸಿದ್ದೇನೆ. ಸಾಮಾನ್ಯ ದಿನಕ್ಕೆ ಎರಡೂವರೆ ಯೂನಿಟ್ ಆಸುಪಾಸು, ಡಿಸೆಂಬರಿನ ಚಳಿಗೆ ಮೂರು ದಾಟುತ್ತದೆ. ಗಾಳಿ ತಣ್ಣಗಾದಷ್ಟೂ, ನೀರಿನ ಡಿಗ್ರಿ ಏರಿಸಿದಷ್ಟೂ ಅದು ಹೆಚ್ಚು ತಿನ್ನುತ್ತದೆ. ನಾವು 55ಕ್ಕೆ ಇಟ್ಟಿದ್ದೇವೆ. ಏಪ್ರಿಲ್ ಬಿಸಿಲಿಗೆ ಅದು ಅತಿ ಚೆನ್ನಾಗಿ ಓಡುತ್ತದೆ, ಆದರೆ ಆಗ ಬಿಸಿನೀರು ಯಾರಿಗೆ ಬೇಕು!

ಮೋಡ, ಮಳೆ ಇದಕ್ಕೆ ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ಗಾಳಿಯ ತೇವ ಒಳಗಿನ ತಣ್ಣನೆಯ ಕಾಯಿಲ್ ಮೇಲೆ ನೀರಾಗಿ, ಸಣ್ಣ ಪೈಪಿನಿಂದ ತೊಟ್ಟಿಕ್ಕುತ್ತಲೇ ಇರುತ್ತದೆ. ಅವ್ವ ಅದರ ಕೆಳಗೆ ಬಕೆಟ್ ಇಟ್ಟು ಕರಿಬೇವಿನ ಗಿಡಕ್ಕೆ ಹಾಕುತ್ತಾಳೆ. ಹಿತ್ತಲ ಕಡೆ, ಬಚ್ಚಲಿನ ಗೋಡೆಗೆ ಹತ್ತಿಸಿಯೇ ಕೂರಿಸಿದ್ದೇವೆ. ಹಾಗಾಗಿ ತಾರಸಿಯ ಸೋಲಾರಿನಂತೆ ಬಿಸಿನೀರು ಬರುವ ತನಕ ಒಂದು ಬಕೆಟ್ ತಣ್ಣೀರು ಹರಿಬಿಡುವ ಕಾಟ ಇಲ್ಲ. ಎಸಿಯ ಹೊರಗಿನ ಡಬ್ಬಿಯಷ್ಟು ಸದ್ದು ಮಾಡುತ್ತದೆ, ಮಲಗುವ ಕೋಣೆಯ ಕಿಟಕಿ ಕೆಳಗೆ ಬೇಡ. ಮುಚ್ಚಿದ ಕೋಣೆಯಲ್ಲಂತೂ ಇಡಲೇಬಾರದು. ತಾನೇ ತಣ್ಣಗೆ ಮಾಡಿದ ಗಾಳಿಯನ್ನೇ ಮತ್ತೆ ಎಳೆದುಕೊಂಡು ಒದ್ದಾಡುತ್ತದೆ.

ಇದರ ದೊಡ್ಡ ದೋಷ ನಿಧಾನ. ಟ್ಯಾಂಕಿನ ಬಿಸಿನೀರು ಖಾಲಿಯಾದರೆ ಮತ್ತೆ ಪೂರ್ತಿ ಬಿಸಿಯಾಗಲು ಮೂರ್ನಾಲ್ಕು ತಾಸು ಬೇಕು. ದೀಪಾವಳಿಗೆ ಬೀಗರು ಬಂದಿದ್ದರು. ನರಕ ಚತುರ್ದಶಿಯ ಬೆಳಗಿನ ಎಣ್ಣೆ ಸ್ನಾನಕ್ಕೆ ಸಾಲು ನಿಂತಿತ್ತು. ಅರ್ಧ ಮಂದಿಗೇ ನೀರು ಮುಗಿಯಿತು. "ಹಂಡೇನ ಛಲೋ ಇತ್ತು ನೋಡ್ರಿ" ಅಂದರು ನಮ್ಮ ಮಾವ. ಆ ದಿನ ಅವರ ಮಾತಿಗೆ ಎದುರಾಡಲು ಆಗಲಿಲ್ಲ.

ಎರಡನೆಯದು ಬೆಲೆ. 200 ಲೀಟರಿನದಕ್ಕೆ ಲಕ್ಷದ ಆಸುಪಾಸು ಬೀಳುತ್ತದೆ, ಸೋಲಾರ್ ಅದರ ಅರ್ಧಕ್ಕಿಂತ ಕಡಿಮೆಗೆ ಬರುತ್ತದೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ, ಗೀಸರಿಗೆ ಹೋಲಿಸಿ ದಿನಕ್ಕೆ ನಾಲ್ಕೂವರೆ ಯೂನಿಟ್ ಉಳಿದರೂ ತಿಂಗಳಿಗೆ 800 ರೂಪಾಯಿ. ಹಾಕಿದ ದುಡ್ಡು ವಾಪಸ್ ಬರಲು ಹತ್ತು ವರ್ಷ! ಗೃಹಜ್ಯೋತಿಯ ಗೆರೆಯ ಒಳಗೆ ಉಳಿದರೆ ಮಾತ್ರ ಈ ಲೆಕ್ಕ ಬೇಗ ತಿರುಗುತ್ತದೆ.

ಮೂರನೆಯದು ರಿಪೇರಿ. ವೋಲ್ಟೇಜ್ ಏರುಪೇರಾಗಿ ನಮ್ಮದರ ಬೋರ್ಡ್ ಸುಟ್ಟಿತು. ಕಂಪನಿಯವರು "ಪಾರ್ಟ್ ಬೆಂಗಳೂರಿನಿಂದ ಬರಬೇಕು" ಎಂದು ವಾರಗಟ್ಟಲೆ ಕಾಯಿಸಿದರು. ಈಗ ಸ್ಟೆಬಿಲೈಜರ್ ಹಾಕಿಸಿದ್ದೇವೆ. ಕೊಳ್ಳುವ ಮುಂಚೆ ಹುಬ್ಬಳ್ಳಿಯಲ್ಲೇ ಸರ್ವಿಸ್ ಮಾಡುವವರು ಇದ್ದಾರಾ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಆನೋಡ್ ರಾಡ್ ಇಲ್ಲೇ ಬದಲಿಸಿ ಕೊಡುತ್ತಾರಾ ಎಂದು ಕೇಳಿ. ಬೋರ್ ನೀರಿಗೆ ಆ ರಾಡ್ ಬೇಗ ಸವೆಯುತ್ತದೆ.

ಅಕ್ಕನೂ ಹೀಟ್ ಪಂಪ್ ಹಾಕಿಸಲೇ ಎಂದು ಕೇಳಿದಳು. ಗದಗಿನ ಬಿಸಿಲಿಗೆ ಸೋಲಾರೇ ಸಾಕು, ಬೇಡ ಎಂದೆ. ಹಾವೇರಿಯಲ್ಲಿರುವ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೇ ಇರುತ್ತಾರೆ. ಅವರಿಗೆ ಹೇಳಿದ್ದು 15 ಲೀಟರಿನ ಗೀಸರ್, ಸ್ನಾನ ಆದ ಕೂಡಲೇ ಸ್ವಿಚ್ ಆಫ್.