ಕಿಟಕಿ ಬೆಳಕಿನ ಸ್ವಯಂಚಿತ್ರಕ್ಕೆ ಎಚ್‌ಪಿ5 ಪ್ಲಸ್: 400ರಲ್ಲೇ ಇರಲಿ ಬಿಡಿ

ಒಂದು ಬದಿಗೆ ಕಿಟಕಿಯ ಬೆಳಕು, ಇನ್ನರ್ಧ ಮುಖ ಕತ್ತಲಲ್ಲಿ, ಬೆನ್ನ ಹಿಂದೆ ಏನೂ ಕಾಣದ ಕೋಣೆ. ಇಂಥ ಗಂಭೀರ ಕಪ್ಪು-ಬಿಳುಪು ಸ್ವಯಂಚಿತ್ರ ತೆಗೆಯಬೇಕೆಂದು ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮ್ ಕೊಂಡವರಲ್ಲಿ ಹೆಚ್ಚಿನವರು ಮೊದಲ ರೋಲನ್ನೇ 1600ಕ್ಕೆ ಪುಷ್ ಮಾಡಲು (ಅಂದರೆ 400 ಐಎಸ್ಒ ಫಿಲ್ಮನ್ನು 1600 ಎಂದುಕೊಂಡು ಕಡಿಮೆ ಬೆಳಕು ಕೊಟ್ಟು, ಆಮೇಲೆ ಹೆಚ್ಚು ಹೊತ್ತು ಡೆವಲಪ್ ಮಾಡಲು) ಹೊರಡುತ್ತಾರೆ. ದಯವಿಟ್ಟು ಬೇಡ. ಬಹುಕಾಲ ಇದೊಂದೇ ಕೆಲಸಕ್ಕೆ ಈ ಫಿಲ್ಮ್ ಬಳಸಿದ ಮೇಲೆ ಹೇಳುತ್ತಿದ್ದೇನೆ: ಇದರ ಸೊಗಸೆಲ್ಲ ಡಬ್ಬಿಯ ಮೇಲೆ ಅಚ್ಚಾಗಿರುವ 400ರಲ್ಲೇ ಇದೆ. ಅದರಲ್ಲೂ ನೆರಳಿನ ಕಡೆಯ ಕೆನ್ನೆಯಲ್ಲಿದೆ.

ಆ ಕೆನ್ನೆಯಿಂದಲೇ ಶುರು ಮಾಡೋಣ. ನೇರ ಬಿಸಿಲು ಬೀಳದ ಕಿಟಕಿಯಿಂದ ಸುಮಾರು ಒಂದು ಮೀಟರ್ ದೂರ ಕುರ್ಚಿ ಹಾಕಿ, ಕೋಣೆಯ ಎಲ್ಲ ದೀಪ ಆರಿಸಿ, ಮುಖವನ್ನು ಕಿಟಕಿಯತ್ತ ಓರೆಯಾಗಿ ತಿರುಗಿಸಿ ಕೂತರೆ ಎರಡು ಕೆನ್ನೆಗಳ ನಡುವೆ ಮೂರು ಸ್ಟಾಪ್ ಅಂತರ ಬರುವುದು ಸಾಮಾನ್ಯ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಅಥವಾ ಅರ್ಧ). ಒಬ್ಬರೇ ಇರುವಾಗ ಇದನ್ನು ಅಳೆಯಲು ಮುಂಗೈಯ ಹಿಂಬದಿ ಸಾಕು, ಅದರ ಬಣ್ಣ ಮುಖದ ಬಣ್ಣಕ್ಕೆ ಹತ್ತಿರ ಇರುತ್ತದೆ. ಮುಖ ಇರಬೇಕಾದ ಜಾಗದಲ್ಲೇ ಕೈ ಹಿಡಿದು, ಅದನ್ನು ನೆರಳಿನತ್ತ ತಿರುಗಿಸಿ, ಹತ್ತಿರದಿಂದ ಲೈಟ್ ಮೀಟರಿನಲ್ಲಿ ಬೆಳಕು ಅಳೆಯಿರಿ. ನಿಮ್ಮದೇ ನೆರಳು ಕೈಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಲೆನ್ಸಿನ ತೆರವು ಎಫ್/4 ಇದ್ದಾಗ 1/4 ಸೆಕೆಂಡ್ ಅಂತ ತೋರಿಸಿತು ಅನ್ನಿ. ಅದಕ್ಕಿಂತ ಎರಡು ಸ್ಟಾಪ್ ಕಡಿಮೆ ಕೊಡಿ, ಅಂದರೆ 1/15. ಆಗ ನೆರಳಿನ ಕೆನ್ನೆ ಜೋನ್ ಪದ್ಧತಿಯ (ಕಪ್ಪಿನಿಂದ ಬಿಳುಪಿನವರೆಗೆ ಸ್ಟಾಪಿಗೊಂದು ಮೆಟ್ಟಿಲು ಮಾಡಿ, ಮಧ್ಯದ ಬೂದನ್ನು ಐದನೆಯದಾಗಿ ಎಣಿಸುವ ಕ್ರಮ) ಮೂರನೆಯ ಜೋನಿಗೆ ಬೀಳುತ್ತದೆ: ಕಪ್ಪಾಗಿಯೇ ಇರುತ್ತದೆ, ಆದರೆ ಚರ್ಮ ಚರ್ಮದ ಹಾಗೆ ಕಾಣುತ್ತದೆ. ಬೆಳಕಿನ ಕೆನ್ನೆ ಮಧ್ಯದ ಬೂದುಬಣ್ಣಕ್ಕಿಂತ ಒಂದು ಸ್ಟಾಪ್ ಮೇಲೆ ಕೂರುತ್ತದೆ. ಅಷ್ಟನ್ನು ಈ ಫಿಲ್ಮ್ ಸಲೀಸಾಗಿ ಹಿಡಿದಿಟ್ಟುಕೊಳ್ಳುತ್ತದೆ. ಪ್ರಿಂಟಿನಲ್ಲಿ ಕಣ್ಣಿನ ಕೆಳಗಿನ ಮಡಿಕೆ, ದವಡೆಯ ಅಂಚು, ಕಪ್ಪು ಕೂದಲಿಗೂ ಕಪ್ಪು ಹಿನ್ನೆಲೆಗೂ ನಡುವಿನ ತೆಳು ಗೆರೆ, ಎಲ್ಲವೂ ಕತ್ತಲೊಳಗಿಂದ ನಿಧಾನವಾಗಿ ಮೇಲೆ ಬರುತ್ತವೆ. ಎಷ್ಟು ಸಲ ನೋಡಿದರೂ ನನಗೆ ಈ ಖುಷಿ ಹಳತಾಗಿಲ್ಲ.

ಈಗ ಅದೇ ಬೆಳಕಿನಲ್ಲಿ 1600 ಇಟ್ಟು 1/60 ಕೊಟ್ಟರೆ ಏನಾಗುತ್ತದೆ ನೋಡಿ. ನೆರಳಿನ ಕೆನ್ನೆ ಇನ್ನೂ ಎರಡು ಸ್ಟಾಪ್ ಕೆಳಗಿಳಿದು ಮೊದಲನೆಯ ಜೋನಿಗೆ ಹೋಗುತ್ತದೆ. ಅಲ್ಲಿ ನೆಗೆಟಿವ್ ಹೆಚ್ಚುಕಡಿಮೆ ಖಾಲಿ. ಐಡಿ-11 ಡೆವಲಪರನ್ನು (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ) ನೀರು ಬೆರೆಸದೆ 20 ಡಿಗ್ರಿಯಲ್ಲಿ ಬಳಸಿದರೆ 400ಕ್ಕೆ 7½ ನಿಮಿಷ, 1600ಕ್ಕೆ 14 ನಿಮಿಷ. ಆ ಹೆಚ್ಚುವರಿ ಸಮಯವೆಲ್ಲ ಬೆಳಕು ಬಿದ್ದ ಭಾಗವನ್ನೇ ದಪ್ಪ ಮಾಡುತ್ತದೆ. ಬೆಳಕೇ ತಾಗದ ಕಡೆ ಡೆವಲಪರ್ ತಾನಾಗಿ ಏನನ್ನೂ ಹುಟ್ಟಿಸಲಾರದು. ಕೊನೆಗೆ ಸಿಗುವುದು ಸುಣ್ಣ ಬಳಿದಂಥ ಹಣೆ, ತೂತು ಬಿದ್ದಂತೆ ಕಾಣುವ ಕಣ್ಣುಗುಳಿ, ಮೇಲೆ ಒರಟು ಗ್ರೇನ್ (ಫಿಲ್ಮಿನ ಕಾಳುಕಾಳು). ಅದನ್ನು ಗಾಂಭೀರ್ಯ ಅಂತ ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ. ಓಡಾಡುವ ಜನರನ್ನು ರಾತ್ರಿ ಹಿಡಿಯಬೇಕಾದವರಿಗೆ ಪುಷ್ ಅನಿವಾರ್ಯ, ಒಪ್ಪೋಣ. ಟ್ರೈಪಾಡ್ ಮುಂದೆ ತಾನೇ ಸುಮ್ಮನೆ ಕೂರುವವರಿಗೆ ಆ ವೇಗ ಯಾತಕ್ಕೆ? ಬೆನ್ನನ್ನು ಕುರ್ಚಿಗೆ ಒರಗಿಸಿ ಉಸಿರು ಬಿಟ್ಟು ಅಲುಗದೆ ಕೂತರೆ 1/8ರಲ್ಲೂ ಕಣ್ಣು ಚೂಪಾಗಿ ಬರುತ್ತದೆ. ಸಂಜೆಯಾಗಿ ಒಂದು ಸೆಕೆಂಡ್ ದಾಟಿತೆಂದರೆ ಮಾತ್ರ, ಅಷ್ಟು ಹೊತ್ತಿನಲ್ಲಿ ಫಿಲ್ಮಿನ ಸ್ಪಂದನ ಕುಗ್ಗುವುದರಿಂದ, ತಿದ್ದುಪಡಿ ಬೇಕು: ಮೀಟರ್ 2 ಸೆಕೆಂಡ್ ಅಂದರೆ 2½, 4 ಅಂದರೆ 6. ಅಷ್ಟು ಹೊತ್ತು ಮುಖ ಅಲುಗದಿರುವುದು ಕಷ್ಟ. ತಲೆಯ ಹಿಂಭಾಗವನ್ನು ಗೋಡೆಗೋ ಕುರ್ಚಿಯ ಎತ್ತರದ ಬೆನ್ನಿಗೋ ತಾಗಿಸಿಕೊಳ್ಳಿ.

ಸ್ವಯಂಚಿತ್ರದಲ್ಲಿ ಫಿಲ್ಮಿಗಿಂತ ಹೆಚ್ಚು ಕಾಡುವುದು ಫೋಕಸ್. 50 ಎಂಎಂ ಲೆನ್ಸು, ಒಂದೂವರೆ ಮೀಟರ್ ದೂರ, ಎಫ್/2.8 ಇದ್ದರೆ ಚೂಪಾಗಿರುವ ಆಳ ಸುಮಾರು 15 ಸೆಂ.ಮೀ. ಎಫ್/4ಕ್ಕೆ ಹೋದರೆ 21-22 ಸೆಂ.ಮೀ. ಆದ್ದರಿಂದ ಎಫ್/4ಕ್ಕಿಂತ ಅಗಲ ತೆರೆಯಬೇಡಿ. ಟ್ರೈಪಾಡಿನ ತಲೆಗೆ ಹಿಗ್ಗದಂಥ ನೂಲುದಾರ ಕಟ್ಟಿ. ಕುರ್ಚಿಯಲ್ಲಿ ಕೂತು ಅದನ್ನು ಬಿಗಿಯಾಗಿ ಎಳೆದು, ಕ್ಯಾಮೆರಾಗೆ ಹತ್ತಿರ ಇರುವ ಕಣ್ಣಿನ ಕೊನೆಗೆ ಬರುವಲ್ಲಿ ಗಂಟು ಹಾಕಿ. ಆಮೇಲೆ ಗಂಟು ಮುಟ್ಟುವ ಜಾಗದಲ್ಲೇ ಒಂದು ಕೋಲು ನಿಲ್ಲಿಸಿ, ಅದಕ್ಕೆ ಪತ್ರಿಕೆಯ ತುಂಡು ಅಂಟಿಸಿ, ಅಕ್ಷರಗಳ ಮೇಲೆ ಫೋಕಸ್ ಮಾಡಿ, ಫೋಕಸ್ ರಿಂಗಿಗೆ ಟೇಪ್ ಹಚ್ಚಿಬಿಡಿ. ಕುರ್ಚಿಯ ನಾಲ್ಕು ಕಾಲಿನ ಸುತ್ತ ನೆಲದ ಮೇಲೂ ಟೇಪ್ ಇರಲಿ. ಪ್ರತಿ ಫ್ರೇಮಿಗೆ ಮುಂಚೆ ದಾರ ಎಳೆದು ಕಣ್ಣಿನ ಜಾಗ ಖಚಿತ ಮಾಡಿಕೊಂಡು, ದಾರವನ್ನು ಮಡಿಲಿಗೆ ಬಿಟ್ಟು, ಆಮೇಲೆ ಷಟರ್. ಒಂದೇ ಥರದ ಈ ಕ್ರಮ ಬೇಸರ ತರುತ್ತದೆ ಅನ್ನುವವರಿದ್ದಾರೆ. ನನಗಂತೂ ಮುಖದ ಬಿಗಿ ಸಡಿಲವಾಗುವುದು ಈ ಹೊತ್ತಿನಲ್ಲೇ.

ಷಟರ್ ಒತ್ತಲು ಟೈಮರಿಗಿಂತ ರಬ್ಬರ್ ಬಲ್ಬಿನ ಗಾಳಿ ರಿಲೀಸ್ ವಾಸಿ. ಟೈಮರ್ ಹಚ್ಚಿದರೆ ಹತ್ತು ಸೆಕೆಂಡ್ ಎಣಿಸುತ್ತಾ ಮುಖ ಮರಗಟ್ಟುತ್ತದೆ. ಬಲ್ಬನ್ನು ಹಿಮ್ಮಡಿಯ ಕೆಳಗಿಟ್ಟುಕೊಂಡರೆ ಎರಡೂ ಕೈ ಖಾಲಿ. ನಿಧಾನಕ್ಕೆ ಅದುಮಿದರೆ ಉದ್ದ ಕೊಳವೆಯೊಳಗೆ ಗಾಳಿ ಕುಗ್ಗಿ ಷಟರ್ ತಡವಾಗುತ್ತದೆ, ಕೆಲವೊಮ್ಮೆ ಬೀಳುವುದೇ ಇಲ್ಲ. ಒಮ್ಮೆಲೇ ಒತ್ತಬೇಕು. ಹಳೆಯ ಬಲ್ಬಾದರೆ ಎರಡು ಕಡೆಯ ಜೋಡಣೆಯಲ್ಲೂ ಗಾಳಿ ಸೋರುತ್ತದೆಯೇ ಎಂದು ಫಿಲ್ಮ್ ಹಾಕುವ ಮೊದಲೇ ನೋಡಿ.

ಇಷ್ಟು ಹೊಗಳಿದ ಮೇಲೆ ತಕರಾರನ್ನೂ ಹೇಳಬೇಕು. ಮೋಡ ಕವಿದ ದಿನ, ಬಿಳಿ ಗೋಡೆಯ ಕೋಣೆಯಲ್ಲಿ ಈ ಫಿಲ್ಮ್ ತೀರಾ ಸಪ್ಪೆ. ಗೋಡೆಯಿಂದ ಮರಳಿ ಬಂದ ಬೆಳಕು ನೆರಳನ್ನು ತುಂಬಿಬಿಡುತ್ತದೆ, ಎರಡು ಕೆನ್ನೆಗಳ ಅಂತರ ಒಂದೇ ಸ್ಟಾಪಿಗೆ ಇಳಿಯುತ್ತದೆ, ನೆಗೆಟಿವ್ ಪೂರ್ತಿ ಬೂದಿ. ಜನ ಪುಷ್ ಕಡೆ ಓಡುವುದು ಇಂಥ ರೋಲು ನೋಡಿಯೇ. ಮದ್ದು ಕೋಣೆಯಲ್ಲೇ ಇದೆ. ನೆರಳಿನ ಬದಿಗೆ, ಮುಖದಿಂದ ಅರ್ಧ ಮೀಟರಿನಲ್ಲಿ ಮಂದ ಕಪ್ಪು ಬಟ್ಟೆ ಇಳಿಬಿಡಿ. ಹಿನ್ನೆಲೆಯ ಗೋಡೆಯಿಂದ ಕನಿಷ್ಠ ಎರಡು ಮೀಟರ್ ಮುಂದೆ ಬನ್ನಿ. ಅಗಲ ಕಿಟಕಿಯಾದರೆ ಅರ್ಧ ಪರದೆ ಎಳೆದು ಬೆಳಕಿನ ಬಾಯಿ ಚಿಕ್ಕದು ಮಾಡಿ. ಇಷ್ಟಾದರೂ ಅಂತರ ಎರಡು ಸ್ಟಾಪ್ ಮುಟ್ಟದಿದ್ದರೆ ಆಗ ಡೆವಲಪ್ ಸಮಯ 7½ರಿಂದ 8½ ನಿಮಿಷಕ್ಕೆ ಏರಿಸಿ. ನಿಮಿಷಕ್ಕೊಮ್ಮೆ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಟ್ಯಾಂಕು ತಿರುವುವ ಕ್ರಮವನ್ನು ಬದಲಿಸಬೇಡಿ. ಸುಮ್ಮನೆ ಜೋರಾಗಿ ಕುಲುಕಿದರೆ ಸ್ಪ್ರಾಕೆಟ್ ತೂತುಗಳ ಅಂಚಿನಲ್ಲಿ ಪಟ್ಟೆ ಬರುತ್ತದೆ.

ಸ್ಕ್ಯಾನ್ ಮಾಡುವವರಿಗೆ ಇನ್ನೊಂದು ಮಾತು. ಸ್ಕ್ಯಾನರಿನ ಸ್ವಯಂಚಾಲಿತ ಲೆವೆಲ್ ಮುಕ್ಕಾಲು ಭಾಗ ಕಪ್ಪಿರುವ ಚಿತ್ರವನ್ನು ಕಂಡಾಗ ಕತ್ತಲನ್ನೆಲ್ಲ ಬೂದು ಮಾಡಿ ಎತ್ತಿಕೊಡುವುದುಂಟು. ಅದನ್ನು ಆಫ್ ಮಾಡಿ, ಎರಡು ಫ್ರೇಮುಗಳ ನಡುವಿನ ಖಾಲಿ ಫಿಲ್ಮಿಗೆ ಕಪ್ಪು ಬಿಂದು ಹೊಂದಿಸಿ. ಡಾರ್ಕ್‌ರೂಮಿನಲ್ಲಾದರೆ ಮಲ್ಟಿಗ್ರೇಡ್ ಕಾಗದಕ್ಕೆ (ಫಿಲ್ಟರ್ ಬದಲಿಸಿ ಕಾಂಟ್ರಾಸ್ಟ್ ಬದಲಿಸಬಹುದಾದ ಪ್ರಿಂಟ್ ಕಾಗದ) 3ನೇ ಫಿಲ್ಟರಿನಿಂದ ಶುರು ಮಾಡಿ.

ದಿನವೂ ಸ್ವಲ್ಪ ಸ್ವಲ್ಪ ತೆಗೆಯುವವರಿಗೆ 36ರ ರೋಲು ದೊಡ್ಡದಾಯಿತು. ಕಿಟಕಿಯ ಒಳ್ಳೆ ಬೆಳಕು ಹನ್ನೆರಡು ಫ್ರೇಮು ಮುಗಿಯುವುದರೊಳಗೆ ಬದಲಾಗಿರುತ್ತದೆ. ಉಳಿದದ್ದನ್ನು ಖಾಲಿ ಮಾಡಲೆಂದೇ ಸುಮ್ಮನೆ ತೆಗೆಯುವಂತಾಗುತ್ತದೆ. ನನ್ನ ಲೆಕ್ಕದಲ್ಲಿ 30.5 ಮೀಟರ್ ಉದ್ದದ ಬಿಡಿ ಫಿಲ್ಮಿನ ಬಲ್ಕ್ ಡಬ್ಬಿ ಕೊಂಡು ಚಿಕ್ಕ ರೋಲು ಸುತ್ತಿಕೊಳ್ಳುವುದೇ ಸರಿ. ಕಾಸೂ ಉಳಿಯುತ್ತದೆ, ತೆಗೆದ ದಿನವೇ ತೊಳೆಯಲೂ ಆಗುತ್ತದೆ. ಕ್ಯಾಸೆಟ್ಟಿನ ಕೋರಿಗೆ ಟೇಪ್ ಹಚ್ಚುವ ತುದಿ ಬೆಳಕಿಗೆ ತೆರೆದಿರುವುದರಿಂದ ಕೊನೆಯ ಒಂದೆರಡು ಫ್ರೇಮು ಮಸುಕಾಗುತ್ತವೆ. ಹಾಗಾಗಿ 12 ಬೇಕಿದ್ದರೆ 14 ಸುತ್ತಿ, 12ಕ್ಕೇ ನಿಲ್ಲಿಸಿ.